ಚೈತ್ರಾಳೊಡನೆ ಮೊದಲ ಮಾತು

ಮಾನ್ಯ ಸಂಪಾದಕರೇ,

ಮೊದಲನೆಯದಾಗಿ ನನ್ನ ಕಾಗುಣಿತಕ್ಕೂ ಕೈಬರಹಕ್ಕೂ ಕ್ಷಮೆ ಕೋರುತ್ತೇನೆ. ಸೇವೆಯಲ್ಲಿದ್ದಷ್ಟು ಕಾಲ ನಾನು ಬರೆದದ್ದೆಲ್ಲ ಕಚೇರಿ ಪತ್ರಗಳು ಮತ್ತು ಭೇಟಿ ವರದಿಗಳು. ಆದ್ದರಿಂದ ಈ ಬರಹವೂ ಅದೇ ಜಾಡಿನಲ್ಲಿ ಹೋದರೆ ಸಹಿಸಿಕೊಳ್ಳಬೇಕಾಗಿ ವಿನಂತಿ. ಕೈಬರಹವಂತೂ ಓಡುವ ಬಸ್ಸಿನಲ್ಲಿ ತೊಡೆಯ ಮೇಲೆ ಪುಸ್ತಕವಿಟ್ಟು ವರದಿ ಬರೆದು ಬರೆದು ಕೆಟ್ಟಿದೆ. ಈಗ ಮೇಜಿನ ಮುಂದೆ ಕುಳಿತು ಬರೆದರೂ ಅಕ್ಷರಗಳು ಕುಲುಕುತ್ತಲೇ ಇರುತ್ತವೆ.

ನಾನು ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯಾಗಿ ಪುತ್ತೂರು, ಕಡಬ ಮತ್ತು ಸುಳ್ಯ ಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅಂಗವೈಕಲ್ಯ ಅಥವಾ ಕಲಿಕೆಯ ತೊಂದರೆ ಇರುವ ಮಕ್ಕಳು ಊರಿನ ಸಾಮಾನ್ಯ ಶಾಲೆಯಲ್ಲಿಯೇ ಉಳಿದು ಕಲಿಯುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ. ಶಾಲೆಗೆ ಬರಲು ಸಾಧ್ಯವೇ ಇಲ್ಲದ ಮಕ್ಕಳನ್ನು ‘ಗೃಹಾಧಾರಿತ’ ಎಂಬ ಪಟ್ಟಿಗೆ ಸೇರಿಸಿ, ಆಗಾಗ ಮನೆಗೆ ಹೋಗಿ ಕಲಿಸುವುದೂ ನಮ್ಮದೇ. ಈ ಹುದ್ದೆಗೆ ಹೊಸದಾಗಿ ಬರುವವರಿಗೆ ಒಂದು ಮಾತನ್ನು ಆರಂಭದಲ್ಲಿಯೇ ನಿವೇದಿಸುತ್ತೇನೆ. ಆ ಪಟ್ಟಿಗೆ ಹೆಸರು ಸೇರಿಸುವುದು ಸುಲಭ, ಅಲ್ಲಿಂದ ಮಗುವನ್ನು ಮತ್ತೆ ತರಗತಿಯ ಬೆಂಚಿಗೆ ತರುವುದು ಬಹಳ ಕಷ್ಟ. ನಾನು ಹೇಳಲು ಹೊರಟಿರುವುದು ಆ ಪಟ್ಟಿಯ ಹೊಸ್ತಿಲಿನವರೆಗೆ ಹೋದ ಒಬ್ಬ ಹುಡುಗಿಯ ವಿಷಯ. ಅವಳನ್ನು ಇಲ್ಲಿ ಚೈತ್ರಾ ಎಂದು ಕರೆಯುತ್ತೇನೆ, ಅದು ಅವಳ ನಿಜವಾದ ಹೆಸರಲ್ಲ.

ಚೈತ್ರಾಳಿಗೆ ಆಟಿಸಂ ಇದೆ ಎಂದು ಮಂಗಳೂರಿನ ವೈದ್ಯರು ಅವಳು ಬಾಲವಾಡಿಗೆ ಹೋಗುವಾಗಲೇ ಹೇಳಿದ್ದರು. ಮನೆ ಕಡಬದ ಹತ್ತಿರ. ತಾಯಿ ರೇವತಿ ಸವಣೂರು ಕಡೆಯವರು, ಅವರ ಮಾತು ತುಳು. ತಂದೆ ಜಯರಾಮ ಸುಳ್ಯದ ಕಡೆಯವರು, ಬಾಡಿಗೆಗೆ ಪಿಕಪ್ ಓಡಿಸುತ್ತಾರೆ. ಅವರದು ಮತ್ತು ಜೊತೆಯಲ್ಲಿಯೇ ಇರುವ ಅವರ ತಾಯಿಯದು ಅರೆಭಾಷೆ, ಸುಳ್ಯ–ಕೊಡಗಿನ ಕಡೆ ಆಡುವ ಮಾತು. ಶಾಲೆಯಲ್ಲಿ ಕನ್ನಡ. ಹೊರಗಿನವರಿಗೆ ಇದು ದೊಡ್ಡ ವಿಷಯವಾಗಿ ಕಾಣಬಹುದು. ನಮ್ಮಲ್ಲಿ ಮೀನಿನ ಅಂಗಡಿಯ ಮುಂದೆ ನಿಂತು ಒಂದು ಕಿಲೋ ಬಂಗುಡೆ ತೆಗೆದುಕೊಳ್ಳುವಷ್ಟರಲ್ಲಿ ಮೂರು ಭಾಷೆ ಆಗಿಹೋಗಿರುತ್ತದೆ, ಯಾರೂ ಗಮನಿಸುವುದಿಲ್ಲ. ನಾನೂ ಗಮನಿಸಲಿಲ್ಲ.

ನಾನು ಆ ಮನೆಗೆ ಹೋಗತೊಡಗಿದ ಕಾಲದಲ್ಲಿ ನಮಗೆ ತರಬೇತಿಯಲ್ಲಿ ಕಲಿಸುತ್ತಿದ್ದುದು ಒಂದೇ. ಇಂಥ ಮಕ್ಕಳ ಮನೆಯಲ್ಲಿ ಒಂದೇ ಭಾಷೆ ಇರಬೇಕು, ಇಲ್ಲದಿದ್ದರೆ ಮಗುವಿಗೆ ಗೊಂದಲವಾಗುತ್ತದೆ. ನಾನು ಅದನ್ನು ಹಾಗೆಯೇ ರೇವತಿಯವರಿಗೆ ಹೇಳಿದೆ. ಅವರು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿದ್ದ ತಟ್ಟೆಯಿಂದ ತಲೆ ಎತ್ತದೆ ಕೇಳಿದರು:

“ಒಂದೇ ಭಾಷೆ ಅಂದ್ರೆ ಯಾವುದು ಟೀಚರೇ?”

“ಕನ್ನಡ ಆದ್ರೆ ಶಾಲೆಗೂ ಆಗ್ತದೆ.”

“ಹಾಗಾದ್ರೆ ನಮ್ಮ ಅತ್ತೆ ಎಂತ ಮಾಡುದು? ಬಾಯಿ ಹೊಲಿದು ಕೂತುಕೊಳ್ಳುದಾ?”

ಆದರೂ ಅವರು ಪ್ರಯತ್ನಿಸಿದರು. ಕನ್ನಡ ಸರಿಯಾಗಿ ಬಾರದ ಅಜ್ಜಿ ಮೊಮ್ಮಗಳ ಎದುರು ಮಾತನ್ನೇ ನಿಲ್ಲಿಸಿದರು. ಕೆಲವು ದಿನ ಚೈತ್ರಾ ಅಜ್ಜಿಯ ಮುಖವನ್ನೇ ನೋಡಿದಳಂತೆ. ಅನಂತರ ಒಳಗೆ ಹೋಗಿ ಅಜ್ಜಿಯ ಬಿ.ಪಿ. ಮಾತ್ರೆಯ ಡಬ್ಬವನ್ನೂ ಒಂದು ಚೊಂಬು ನೀರನ್ನೂ ತಂದು ಅವರ ಮುಂದಿಟ್ಟು, ಕದಲದೆ ನಿಂತುಬಿಟ್ಟಳು. ಅಜ್ಜಿಗೆ ಹುಷಾರಿಲ್ಲ ಎಂದು ಅವಳು ತಿಳಿದುಕೊಂಡಿದ್ದಳು. ಅಲ್ಲಿಗೆ ಒಂದೇ ಭಾಷೆಯ ಯೋಜನೆ ಮುಕ್ತಾಯವಾಯಿತು. ಈಚಿನ ತರಬೇತಿಗಳಲ್ಲಿ ಆ ಉಪದೇಶವನ್ನೂ ಕೈಬಿಟ್ಟಿದ್ದಾರೆ. ಮನೆಯವರು ತಮ್ಮ ಸಹಜವಾದ ಮಾತಿನಲ್ಲಿಯೇ ಮಗುವಿನ ಜೊತೆ ಇರಲಿ ಎನ್ನುತ್ತಾರೆ. ಅಜ್ಜಿ ಅದನ್ನು ಮೊದಲೇ ಹೇಳಿದ್ದರು, ಅರೆಭಾಷೆಯಲ್ಲಿ.

ಮೇಲಧಿಕಾರಿಗಳ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಒಂದನ್ನು ಮಾತ್ರ ದಾಖಲಿಸುತ್ತೇನೆ. ಮೊದಲು ಮನೆ ಭೇಟಿಗೆ ತಾಯಿಯ ಸಹಿ ಸಾಕಿತ್ತು. ಮೊಬೈಲು ಬಂದ ಮೇಲೆ ನಮ್ಮ ಒಬ್ಬ ಮೇಲಧಿಕಾರಿಗಳು, “ಫೋಟೋ ಇಲ್ಲದಿದ್ರೆ ಭೇಟಿಯೇ ಇಲ್ಲ ಮೇಡಂ” ಎಂದು ಕಟ್ಟುನಿಟ್ಟು ಮಾಡಿದರು. ಚೈತ್ರಾಳಿಗೆ ತನ್ನತ್ತ ಮೊಬೈಲು ಹಿಡಿಯುವುದು ಇಷ್ಟವಿಲ್ಲ. ಅವಳು ಕೋಪಿಸಿಕೊಳ್ಳುತ್ತಿರಲಿಲ್ಲ. ನನ್ನ ಕೈಯಿಂದ ಮೊಬೈಲನ್ನು ತೆಗೆದುಕೊಂಡು, ತಿರುಗಿಸಿ, ನನ್ನ ಚಿತ್ರವನ್ನು ತೆಗೆದು ಹಿಂದಿರುಗಿಸುತ್ತಿದ್ದಳು. ಹೀಗಾಗಿ ಆ ವರ್ಷದ ದಾಖಲೆಯಲ್ಲಿ ಚೈತ್ರಾ ಎಂಬ ವಿದ್ಯಾರ್ಥಿನಿಯ ಹೆಸರಿನ ಮುಂದೆಲ್ಲ ನನ್ನ ಗಲ್ಲ ಮತ್ತು ಮೂಗಿನ ಹೊಳ್ಳೆಗಳಿವೆ. ಅಧಿಕಾರಿಗಳು ಒಮ್ಮೆ ನನ್ನನ್ನು ಕರೆದು, “ಈ ಮಗು ನಿಮ್ಮ ಹಾಗೇ ಉಂಟಲ್ಲ ಮೇಡಂ” ಎಂದರು. ನಕ್ಕದ್ದು ಅವರೇ ಮೊದಲು.

ಅವಳ ದಿನಚರಿಯನ್ನು ನೋಡುವುದೇ ನನಗೆ ಒಂದು ಕುತೂಹಲವಾಗಿತ್ತು. ಮಿಕ್ಸಿಯ ಶಬ್ದವನ್ನು ಅವಳು ತಾಳುವುದಿಲ್ಲ. ಆದ್ದರಿಂದ ಆ ಮನೆಯಲ್ಲಿ ಮಧ್ಯಾಹ್ನದ ಸಾರಿಗೆ ಮಸಾಲೆ ಕಡೆಯುವುದು ಅವಳು ಶಾಲೆಗೆ ಬಸ್ಸು ಹತ್ತಿದ ಮೇಲೆ. ಬೆಳಿಗ್ಗೆ ಗಂಜಿಯ ಜೊತೆ ಒರಳಿನಲ್ಲಿ ಅರೆದ ಚಟ್ನಿ ಇರಬೇಕು, ಆದರೆ ಅದು ಗಂಜಿಯನ್ನು ಮುಟ್ಟಬಾರದು, ಬೇರೆ ಬಟ್ಟಲಿನಲ್ಲಿರಬೇಕು. ಸಂಜೆ ಬಂದು ಅಮ್ಮ ಕಟ್ಟಿದ ಬೀಡಿಯ ಕಟ್ಟುಗಳನ್ನು ಒಂದೇ ಸಾಲಿಗೆ ತರುತ್ತಾಳೆ. ಸಾಲು ಓರೆಯಾಗಿದ್ದರೆ ಕೆಡಿಸಿ ಮತ್ತೆ ಇಡುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರ್ ಸೀಟಿನ ಹಿಂದೆ ಕುಳಿತು, ಪ್ರತಿ ನಿಲ್ದಾಣದ ಹೆಸರನ್ನೂ ಕಂಡಕ್ಟರಿಗಿಂತ ಮೊದಲು ಹೇಳುತ್ತಾಳೆ. “ನೀನು ರಜೆ ಮಾಡಿದ ದಿನ ನನಗೆ ಗಂಟಲು ನೋವು ಮಾರಾಯ್ತಿ” ಎಂದು ಅವರು ತುಳುವಿನಲ್ಲಿ ತಮಾಷೆ ಮಾಡುತ್ತಿದ್ದರು. ಅವಳೂ ತುಳುವಿನಲ್ಲಿಯೇ, “ಟಿಕೆಟು ಕೊಡಿ” ಎಂದಷ್ಟೇ ಉತ್ತರಿಸುತ್ತಿದ್ದಳು.

ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅವಳಿಗೆ ತೊಂದರೆಯಾಗಲಿಲ್ಲ. ಒಂದನೆಯ ತರಗತಿಯಿಂದ ಅದೇ ಶಿಕ್ಷಕರು, ಅದೇ ಬೆಂಚು. ಮಾತು ಕಡಿಮೆ, ಆದರೆ ಬೇಕಾದದ್ದನ್ನು ಹೇಳುತ್ತಿದ್ದಳು. ಕಷ್ಟ ಆರಂಭವಾದದ್ದು ಎಂಟನೆಯ ತರಗತಿಗೆ ಪ್ರೌಢಶಾಲೆಗೆ ಸೇರಿದ ಮೇಲೆ.

ಅಲ್ಲಿ ಅವಳ ತರಗತಿ ಶಿಕ್ಷಕಿ ಶಾಲಿನಿ, ಪುತ್ತೂರಿನವರು, ವಿಜ್ಞಾನ ಪಾಠ ಮಾಡುವವರು. ಆ ಪ್ರೌಢಶಾಲೆಯಲ್ಲಿ ಆಗ ಇದ್ದ ಶಿಕ್ಷಕಿ ಅವರೊಬ್ಬರೇ, ಉಳಿದವರೆಲ್ಲ ಪುರುಷರು. ಇಷ್ಟು ಮನಸ್ಸಿಟ್ಟು ಮಗುವಿನ ವಿಷಯ ಕೇಳಿದ ಶಿಕ್ಷಕರನ್ನು ನಾನು ಹೆಚ್ಚು ಕಂಡಿಲ್ಲ. ಶಾಲೆ ಆರಂಭವಾಗುವ ಮೊದಲೇ ದೂರವಾಣಿ ಮಾಡಿ ಎಲ್ಲವನ್ನೂ ವಿಚಾರಿಸಿಕೊಂಡಿದ್ದರು. ಆದರೂ ಚೈತ್ರಾ ಅವರೊಡನೆ ಒಂದು ಮಾತನ್ನೂ ಆಡಲಿಲ್ಲ. ಹಾಜರಿ ಕರೆದರೆ ಇಲ್ಲ, ಹತ್ತಿರ ಬಂದು ಕೇಳಿದರೆ ಇಲ್ಲ. ಗಣಿತದ ಸರ್ ಲೆಕ್ಕ ಕೇಳಿದರೆ ಕನ್ನಡದಲ್ಲಿ ಉತ್ತರ ಹೇಳುತ್ತಾಳೆ, ಆಟದ ಮಾಸ್ಟ್ರು ಕೂಗಿದರೆ ತುಳುವಿನಲ್ಲಿ ಓಗೊಡುತ್ತಾಳೆ. ಶಾಲಿನಿ ಟೀಚರ ಮಾತು ಮಾತ್ರ ಅವಳ ಕಿವಿಗೆ ಬೀಳುವುದೇ ಇಲ್ಲವೇನೋ ಎಂಬಂತೆ ಇರುತ್ತಿದ್ದಳು.

ಮಳೆಗಾಲದ ಒಂದು ಮಧ್ಯಾಹ್ನ ಚೈತ್ರಾ ವಿಜ್ಞಾನದ ತರಗತಿಯಿಂದ ಎದ್ದು ಹೊರಗೆ ಹೋದಳು. ಶೌಚಾಲಯಕ್ಕೆ ಎಂದು ಎಲ್ಲರೂ ತಿಳಿದರು. ಅವಳು ಗೇಟು ದಾಟಿ, ಬಸ್ ನಿಲ್ದಾಣಕ್ಕೆ ನಡೆದು, ಸಿಕ್ಕಿದ ಬಸ್ಸಿನಲ್ಲಿ ಮನೆಗೆ ಹೋಗಿದ್ದಳು. ಶಾಲೆಯಲ್ಲಿ ಬಾವಿಗೆ ಇಣುಕಿ ನೋಡುವವರೆಗೆ ಗಾಬರಿಯಾಯಿತು. ರೇವತಿಯವರು ಫೋನು ಮಾಡಿದ ಮೇಲೆಯೇ ಕಾರಣ ತಿಳಿದದ್ದು. ಅವಳಿಗೆ ಮುಟ್ಟಾಗಿತ್ತು. ಹೇಳಲು ಆ ಕಟ್ಟಡದಲ್ಲಿ ಅವಳಿಗೆ ಯಾರೂ ಇರಲಿಲ್ಲ.

ಮರುದಿನ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ. ಹೆದರಿದ್ದರು.

“ಹೆಣ್ಣು ಮಗು ಮಾರಾಯ್ರೆ. ದಾರಿಯಲ್ಲಿ ಎಂತಾದ್ರೂ ಆದ್ರೆ ಉತ್ತರ ಕೊಡುದು ಯಾರು? ನೀವು ಕೊಡ್ತೀರಾ?”

“ಒಂದು ಸಲ ಆದದ್ದಲ್ವ ಸರ್.”

“ಒಂದು ಸಲ ಆದದ್ದು ಇನ್ನೊಂದು ಸಲ ಆಗ್ಲಿಕ್ಕಿಲ್ಲ ಅಂತ ಬರೆದು ಕೊಡಿ ಹಾಗಾದ್ರೆ.” ಅವರೇ ಮುಂದುವರಿಸಿದರು. “ನೋಡಿ, ಅವಳಿಗೆ ತೊಂದರೆ ಆದ್ರೆ ತರಗತಿ ಟೀಚರಿಗೆ ಹೇಳ್ಬೇಕು. ಅಷ್ಟೇ ನಾನು ಕೇಳುದು. ದಸರಾ ರಜೆಯ ಒಳಗೆ ಅದು ಆಗದಿದ್ರೆ ಗೃಹಾಧಾರಿತಕ್ಕೆ ಹಾಕುವ. ಪಾಠ ಮನೆಯಲ್ಲೇ ಆಗ್ಲಿ.”

ವಿಷಯ ತಿಳಿಸಿದಾಗ ರೇವತಿಯವರು ಬೀಡಿ ಕಟ್ಟುವುದನ್ನು ನಿಲ್ಲಿಸಿದರು. ಅವರ ಕೈ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಮನೆಯಲ್ಲಿ ಕೂತ್ರೆ ಅವಳಿಗೆ ಬಸ್ಸು ಇಲ್ಲ, ಬೆಲ್ಲು ಇಲ್ಲ, ಮಕ್ಕಳು ಇಲ್ಲ. ಈ ಜಗಲಿ, ಈ ಬೀಡಿ ತಟ್ಟೆ. ಅಷ್ಟೇ ಆಗ್ತದಲ್ಲ ಟೀಚರೇ.”

ನನಗೆ ಗೊತ್ತಿದ್ದ ವಿಧಾನಗಳನ್ನೆಲ್ಲ ಮಾಡಿ ನೋಡಿದೆ. ಮಾತು ಬೇಡದ ಉಪಾಯವೆಂದು ಒಂದು ಕೆಂಪು ಕಾರ್ಡು ಮಾಡಿಕೊಟ್ಟು, ತೊಂದರೆಯಾದರೆ ಟೀಚರ ಮೇಜಿನ ಮೇಲೆ ಇಡು ಎಂದು ಅಭ್ಯಾಸ ಮಾಡಿಸಿದೆ. ಅವಳು ಕಾರ್ಡನ್ನು ಜೋಪಾನವಾಗಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡಳು. ನಾನು ಮುಂದಿನ ಬಾರಿ ಹೋದಾಗ ತೆಗೆದು ನನಗೇ ಹಿಂದಿರುಗಿಸಿದಳು. ಕೊಟ್ಟವರು ನಾನು, ಆದ್ದರಿಂದ ಅದು ನನ್ನದು. ಅವಳ ದೃಷ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಶಾಲಿನಿ ಟೀಚರು ಸಿಬ್ಬಂದಿ ಕೊಠಡಿಯಲ್ಲಿ ಕಣ್ಣು ಒರೆಸಿಕೊಂಡರು.

“ಎಲ್ಲರ ಹತ್ರ ಮಾತಾಡ್ತಾಳೆ ಮೇಡಂ. ಗುಡುಗುವ ಆಟದ ಮಾಸ್ಟ್ರ ಹತ್ರ ಕೂಡ. ನಾನು ಅವಳಿಗೆ ಎಂತ ಮಾಡಿದ್ದೇನೆ?”

ಕಾರಣ ನನಗೂ ತಿಳಿಯಲಿಲ್ಲ. ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಶಾಲಿನಿ ಟೀಚರನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಕಲಿಸಲು ಹೋದದ್ದಲ್ಲ, ಸುಮ್ಮನೆ ಕುಳಿತು ನೋಡಲು.

ರೇವತಿಯವರು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಚೈತ್ರಾ ಕಟ್ಟುಗಳನ್ನು ಸಾಲಾಗಿ ಇಡುತ್ತಿದ್ದಳು. ಅಜ್ಜಿ ಬಾಗಿಲ ಬಳಿ ವೀಳ್ಯ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಸುಶೀಲಕ್ಕ ಹೆಪ್ಪಿಗೆ ಸ್ವಲ್ಪ ಮಜ್ಜಿಗೆ ಕೇಳಲು ಬಂದರು. ಅವರು ರೇವತಿಯವರೊಡನೆ ತುಳುವಿನಲ್ಲಿ ಮಾತನಾಡಿ, ಅದೇ ತುಳುವಿನಲ್ಲಿ ಚೈತ್ರಾಳನ್ನೂ ಏನೋ ಕೇಳಿದರು. ಅವಳು ತಲೆ ಎತ್ತಲಿಲ್ಲ. ಸುಶೀಲಕ್ಕ ತಡವರಿಸದೆ ಕನ್ನಡಕ್ಕೆ ಹೊರಳಿ, “ಚೈತ್ರಾ, ಪರೀಕ್ಷೆ ಯಾವಾಗ?” ಎಂದರು. “ಸೋಮವಾರ” ಎಂದು ಉತ್ತರ ಬಂತು.

ನನಗೆ ಆಶ್ಚರ್ಯವಾಯಿತು. ತಾಯಿಯೊಡನೆ ಇಡೀ ದಿನ ತುಳು ಮಾತನಾಡುವವಳಿಗೆ ಸುಶೀಲಕ್ಕನ ತುಳು ಏಕೆ ಬೇಡ?

“ಅದು ಹಾಗೇ ಟೀಚರೇ” ಎಂದು ರೇವತಿಯವರು ನಕ್ಕರು. “ಇವರು ಮೊದಲು ಪಟ್ಟೆ ಸೀರೆ ಉಟ್ಟುಕೊಂಡು ಗೃಹಪ್ರವೇಶದ ಹೇಳಿಕೆ ಕೊಡ್ಲಿಕ್ಕೆ ಬಂದದ್ದು. ಗತ್ತಿನಲ್ಲಿ ಕನ್ನಡ ಮಾತಾಡಿದ್ರು. ಅಂದಿನಿಂದ ಅವಳಿಗೆ ಇವರು ಕನ್ನಡ.”

“ಎಂತ ಗತ್ತು? ಹೊಸ ಪರಿಚಯ ಅಂತ ಮರ್ಯಾದೆ ಕೊಟ್ಟದ್ದು!” ಎಂದು ಸುಶೀಲಕ್ಕ ಸಿಡುಕಿದರು. “ಆರು ವರ್ಷ ಆಯ್ತು, ಇವಳ ಹತ್ರ ಇನ್ನೂ ಭಾಷಣದ ಹಾಗೆ ಮಾತಾಡ್ಬೇಕು ನಾನು.”

ನಾನು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಕಂಡಕ್ಟರು? ಮೊದಲ ದಿನ ತುಳು, ಇಂದಿಗೂ ತುಳು. ರೇಷನ್ ಅಂಗಡಿಯವರು? ಕನ್ನಡ. ಅರೆಭಾಷೆಯವರೇ ಆದ ಜಯರಾಮರ ಅಣ್ಣ? ಮೊದಲು ಬಂದಾಗ ರೇವತಿಯವರ ಮುಲಾಜಿಗೆ ತುಳು ಆಡಿದ್ದರು, ಆದ್ದರಿಂದ ಸ್ವಂತ ದೊಡ್ಡಪ್ಪನೊಡನೆ ತುಳು. ಯಾರು ಮೊದಲ ಬಾರಿ ಯಾವ ಭಾಷೆಯಲ್ಲಿ ಅವಳನ್ನು ಮಾತನಾಡಿಸುತ್ತಾರೋ ಅದೇ ಅವರ ಭಾಷೆ. ಅವರು ಬೇರೆ ಭಾಷೆ ಆಡಿದರೆ, ಅದು ಬೇರೆ ಯಾರಿಗೋ ಆಡಿದ ಮಾತು. ಮನೆಯವರಿಗೆಲ್ಲ ಇದು ಗೊತ್ತಿತ್ತು. ಎಲ್ಲರೂ ಎಲ್ಲ ಭಾಷೆಯನ್ನೂ ಆಡುವ ಊರಿನಲ್ಲಿ ಇದನ್ನು ಹೇಳಬೇಕಾದ ವಿಷಯವೆಂದು ಯಾರಿಗೂ ಅನಿಸಿರಲಿಲ್ಲ.

ನಾನು ಶಾಲಿನಿ ಟೀಚರ ಕಡೆಗೆ ತಿರುಗಿದೆ.

“ಮೇಡಂ, ಮೊದಲ ದಿನ ನಾನು ಅವಳ ಹತ್ರ ಅರೆಭಾಷೆ ಮಾತಾಡಿದ್ದು. ನೀವೇ ಫೋನಿನಲ್ಲಿ ಹೇಳಿಕೊಟ್ಟದ್ದಲ್ವ?”

ಹೌದು. ಹೊಸ ಶಾಲೆಯಲ್ಲಿ ಮಗುವಿಗೆ ಮನೆಯ ನೆನಪಾಗಲಿ, ತಂದೆಯ ಮನೆಮಾತಿನಲ್ಲಿ ಒಂದು ಮಾತನಾಡಿಸಿ ಎಂದು ಸಲಹೆ ಕೊಟ್ಟವಳು ನಾನೇ. ಅರೆಭಾಷೆ ಬಾರದ ಅವರು ‘ಊಟ ಆತಾ?’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿ, ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಅವಳನ್ನು ಕೇಳಿದ್ದರು. ಆ ಹೊತ್ತಿನಲ್ಲಿ ಊಟವಾಗಿರಲಿಲ್ಲ, ಚೈತ್ರಾ ಉತ್ತರಿಸಲಿಲ್ಲ. ಅನಂತರ ಟೀಚರು ತಮ್ಮ ಎಂದಿನ ಕನ್ನಡಕ್ಕೆ ಮರಳಿದರು. ಅವರು ಅರೆಭಾಷೆಯವರಾಗಿ ಹೋಗಿದ್ದರು. ಅವರ ಕನ್ನಡವೆಲ್ಲ ಅವಳಿಗೆ ಸಂಬಂಧಿಸದ ಮಾತಾಗಿ ತಲೆಯ ಮೇಲಿಂದ ಹಾದುಹೋಗುತ್ತಿತ್ತು.

“ಈಗ ಕೇಳಿ ನೋಡಿ” ಎಂದೆ.

ಶಾಲಿನಿ ಟೀಚರು ಮೆಟ್ಟಿಲ ಮೇಲೆ ಅವಳ ಪಕ್ಕಕ್ಕೆ ಸರಿದು ಕುಳಿತು ಕೇಳಿದರು.

“ಊಟ ಆತಾ?”

ಚೈತ್ರಾಳ ಕೈ ಬೀಡಿ ಕಟ್ಟಿನ ಮೇಲೆ ನಿಂತಿತು. ಟೀಚರ ಮುಖ ನೋಡಲಿಲ್ಲ, ಅವರ ಕೈಬಳೆಗಳನ್ನು ನೋಡಿದಳು.

“ಆತ್” ಎಂದಳು. ಆಗಿದೆ ಎಂದು ಅರ್ಥ. ಕೈ ಮತ್ತೆ ಕೆಲಸಕ್ಕೆ ತೊಡಗಿತು.

ಶಾಲಿನಿ ಟೀಚರು ಅಲ್ಲಿಂದ ಬೇಗ ಏಳಲಿಲ್ಲ. ಅಜ್ಜಿ ಮಾತ್ರ ಬಾಗಿಲ ಬಳಿಯಿಂದ, ಈ ಟೀಚರಿಗೆ ಅದೊಂದೇ ಬರುವುದೇ, ಮುಂದೆ ಬರುವುದಿಲ್ಲವೇ ಎಂಬರ್ಥದಲ್ಲಿ ಏನೋ ಹೇಳಿ ವೀಳ್ಯ ಉಗುಳಲು ಅಂಗಳಕ್ಕೆ ಹೋದರು.

ಮುಖ್ಯೋಪಾಧ್ಯಾಯರಿಗೆ ಇದನ್ನು ತಿಳಿಸಿದಾಗ ಅವರು ನಂಬಲಿಲ್ಲ.

“ಈಗ ವಿಜ್ಞಾನವನ್ನು ಅರೆಭಾಷೆಯಲ್ಲಿ ಮಾಡುದಾ? ದ್ಯುತಿಸಂಶ್ಲೇಷಣೆಗೆ ಎಂತ ಹೇಳ್ತೀರಿ?”

“ಪಾಠ ಪುಸ್ತಕದಲ್ಲಿ ಉಂಟು ಸರ್, ಅದನ್ನು ಅವಳೇ ಓದ್ತಾಳೆ. ನೀರು, ಹೊಟ್ಟೆನೋವು, ಮನೆಗೆ ಹೋಗ್ಬೇಕು, ಮುಟ್ಟಾಗಿದೆ. ಇಷ್ಟಕ್ಕೆ ಸಾಕು.”

“ದಸರಾ ರಜೆಯ ಒಳಗೆ” ಎಂದು ಅವರು ನೆನಪಿಸಿದರು.

ಶಾಲಿನಿ ಟೀಚರಿಗೆ ಅಜ್ಜಿಯೇ ಗುರುವಾದರು. ಸಂಜೆ ಬಸ್ಸಿನಲ್ಲಿ ಕುಳಿತು ಟೀಚರು ಫೋನು ಮಾಡುತ್ತಿದ್ದರು, ಅತ್ತಲಿಂದ ಅಜ್ಜಿ ಬೈಯುತ್ತಿದ್ದರು. ಪುತ್ತೂರಿನವರ ನಾಲಿಗೆ ಒಲೆ ಊದುವ ಕೊಳವೆಯ ಹಾಗೆ ನೆಟ್ಟಗೆ, ಬಗ್ಗುವುದೇ ಇಲ್ಲ ಎಂಬುದು ಅವರ ದೂರು. ಟೀಚರು ಪ್ರತಿದಿನವೂ ತರಗತಿಯಲ್ಲಿ ಅವಳ ಪಕ್ಕಕ್ಕೆ ಹೋಗಿ ಎರಡು ಮಾತನಾಡತೊಡಗಿದರು. ಚೈತ್ರಾ ಉತ್ತರಿಸುತ್ತಿದ್ದಳು. ತಾನಾಗಿ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರಿಸುವುದು ಬೇರೆ, ತನಗೆ ಬೇಕಾದದ್ದನ್ನು ಹೇಳುವುದು ಬೇರೆ. ರಜೆ ಹತ್ತಿರ ಬರುತ್ತಿತ್ತು. ಗೃಹಾಧಾರಿತ ಮಕ್ಕಳ ಪಟ್ಟಿಯನ್ನು ಸಿದ್ಧಪಡಿಸುವಂತೆ ನಮ್ಮ ಕಚೇರಿಯಿಂದಲೂ ಸೂಚನೆ ಬಂತು.

ಮುಂದಿನದನ್ನು ಶಾಲಿನಿ ಟೀಚರು ಹೇಳಿದಂತೆ ಬರೆಯುತ್ತೇನೆ. ಆ ದಿನ ಅವರು ಕಪ್ಪುಹಲಗೆಯ ಮೇಲೆ ಎಲೆಯ ಚಿತ್ರ ಬಿಡಿಸುತ್ತಿದ್ದರು. ಬೆಂಚು ಸರಿದ ಸದ್ದಾಯಿತು. ತಿರುಗಿ ನೋಡಿದರೆ ಚೈತ್ರಾ ನಡೆದು ಬರುತ್ತಿದ್ದಳು. ಬಾಗಿಲ ಕಡೆಗೆಂದು ತಿಳಿದು ಅವರು ಒಂದು ಹೆಜ್ಜೆ ಅತ್ತ ಇಟ್ಟರು. ಅವಳು ಬಾಗಿಲ ಕಡೆ ತಿರುಗದೆ ಹಲಗೆಯ ತನಕ ಬಂದು, ಅವರ ಬಳೆಗಳನ್ನು ನೋಡುತ್ತಾ, ತನಗೆ ಮುಟ್ಟಾಗಿದೆ ಎಂದು ಅರೆಭಾಷೆಯಲ್ಲಿ ಹೇಳಿದಳು. ಮೆಲ್ಲಗೆ ಅಲ್ಲ. ಬಸ್ಸಿನಲ್ಲಿ ನಿಲ್ದಾಣದ ಹೆಸರು ಹೇಳುವ ಸ್ವರದಲ್ಲಿ.

ಹಿಂದಿನ ಬೆಂಚಿನ ಕೆಲವರು ಕಿಸಕ್ಕೆಂದರು. “ನಗುದೆಂತದು? ನಿಮ್ಮ ಮನೆಯಲ್ಲಿ ಅಕ್ಕ ಇಲ್ವ, ಅಮ್ಮ ಇಲ್ವ?” ಎಂದು ಟೀಚರು ಕೇಳಿದರು, ನಗು ನಿಂತಿತು. ಅವರು ಸೀಮೆಸುಣ್ಣ ಹಿಡಿದ ಕೈಯಲ್ಲಿಯೇ ಅವಳನ್ನು ಕರೆದುಕೊಂಡು ಹೋಗಿ ಬೇಕಾದದ್ದನ್ನು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ತರಗತಿಗೆ ಮರಳಿದರು. ಎಲೆಯ ಚಿತ್ರ ಅರ್ಧಕ್ಕೆ ನಿಂತಿತ್ತು, ಪೂರ್ತಿ ಮಾಡಿದರು.

ನಾನು ಸುದ್ದಿ ಕೇಳಿ ಮರುದಿನ ಹೋದಾಗ ಮುಖ್ಯೋಪಾಧ್ಯಾಯರು ಕಚೇರಿಯ ಹೊರಗೆಯೇ ನಿಂತಿದ್ದರು. ಪಟ್ಟಿಯ ವಿಷಯವನ್ನು ನಾನು ಎತ್ತುವ ಮೊದಲೇ, “ಅವಳ ಹೆಸರು ಬೇಡ, ಬಿಡಿ” ಎಂದರು. ಆಮೇಲೆ ಅತ್ತಿತ್ತ ನೋಡಿ ಸ್ವರ ತಗ್ಗಿಸಿದರು.

“ಒಂದು ವಿಷಯ ಮೇಡಂ. ಯಾರಿಗೂ ಹೇಳ್ಬೇಡಿ. ನಾನು ಆ ಮಗುವಿನ ಹತ್ರ ಈ ತನಕ ಮಾತೇ ಆಡ್ಲಿಲ್ಲ ಮಾರಾಯ್ರೆ. ಅವಳ ವಿಷಯ ನಿಮ್ಮ ಹತ್ರ, ತಾಯಿಯ ಹತ್ರ, ಟೀಚರ ಹತ್ರ ಎಷ್ಟು ಮಾತಾಡಿದ್ದೇನೆ. ಅವಳ ಹತ್ರ ಇಲ್ಲ.”

ಅವರು ಒಂದು ಹೆಜ್ಜೆ ಹತ್ತಿರ ಬಂದರು.

“ಒಮ್ಮೆ ಸುರು ಮಾಡಿದ್ರೆ ಮತ್ತೆ ಬದಲಾಯಿಸ್ಲಿಕ್ಕೆ ಇಲ್ಲ ಅಲ್ವ? ಹತ್ತನೆಯ ತನಕ ಅದೇ ಅಲ್ವ? ಯಾವ ಭಾಷೆಯಲ್ಲಿ ಸುರು ಮಾಡುದು?”

“ನಿಮಗೆ ದಣಿವಾಗದ ಭಾಷೆಯಲ್ಲಿ ಸರ್.”

ಸಂಜೆಯ ಬೆಲ್ಲು ಹೊಡೆಯಿತು. ಚೈತ್ರಾ ಚೀಲ ಹೆಗಲಿಗೇರಿಸಿ ಶಾಲೆಯ ಜಗಲಿಯ ಕಂಬದ ಬಳಿ, ತನ್ನ ನಿತ್ಯದ ಜಾಗದಲ್ಲಿ ನಿಂತು ರಸ್ತೆಯನ್ನು ನೋಡುತ್ತಿದ್ದಳು. ಮುಖ್ಯೋಪಾಧ್ಯಾಯರು ಅಂಗಿ ಸರಿಮಾಡಿಕೊಂಡು ಹೋದರು. ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ಅವರೂ ರಸ್ತೆಯನ್ನೇ ನೋಡಿದರು. ಆಮೇಲೆ ತಮ್ಮ ಮನೆಮಾತಾದ ತುಳುವಿನಲ್ಲಿ ಕೇಳಿದರು:

“ಬಸ್ಸ್ ಬತ್ತ್ಂಡಾ?”

“ಬತ್ತ್‌ಜಿ” ಎಂದಳು ಚೈತ್ರಾ. ಬಂದಿಲ್ಲ.

ಬಸ್ಸು ಬರುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.

ನಾನು ನಿವೃತ್ತಳಾಗುವ ಹೊತ್ತಿಗೆ ಚೈತ್ರಾ ಅದೇ ಶಾಲೆಯ ಹತ್ತನೆಯ ತರಗತಿಯಲ್ಲಿದ್ದಳು, ತನ್ನದೇ ಬೆಂಚಿನಲ್ಲಿ. ಮುಖ್ಯೋಪಾಧ್ಯಾಯರು ಪ್ರತಿ ಸಂಜೆಯೂ ಬಸ್ಸಿನ ವಿಷಯ ಕೇಳುತ್ತಿದ್ದರು, ಅವಳು ವರದಿ ಒಪ್ಪಿಸುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರುವವರಲ್ಲಿ ನನ್ನ ವಿನಂತಿ ಇಷ್ಟೇ. ಮಗುವಿನ ವಿಷಯವನ್ನು ಎಲ್ಲರೊಡನೆ ಮಾತನಾಡಿ ಮುಗಿಸಿದ ಮೇಲೆ, ಮಗುವಿನೊಡನೆ ಮಾತನಾಡಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.

ಬರೆದದ್ದರಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಅರೆಭಾಷೆಯ ಎರಡು ಮಾತುಗಳನ್ನು ಮಾತ್ರ ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿ, ಬೈಸಿಕೊಂಡು, ಸರಿಪಡಿಸಿದ್ದೇನೆ. ಉಳಿದವು ತಮ್ಮ ಕಣ್ಣಿಗೆ ಬಿದ್ದಲ್ಲಿ ದಯವಿಟ್ಟು ತಿದ್ದಿಕೊಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಸಂಪನ್ಮೂಲ ಶಿಕ್ಷಕಿ